ತೂತುಕಲ್ಲಿನ ಊರಲ್ಲಿ ನಾಲ್ಕು ದಿನ

ಊರಿಂದ ಅಮ್ಮ ಫೋನ್ ಮಾಡಿ, "ಮೋಡ ಕಟ್ಟಿದ್ದೇ ಬಂತು, ಮಳೆ ಹಿಡೀಲಿಲ್ಲ. ಅಲ್ಲಿ ಹೆಂಗೆ?" ಎಂದರು. ಜೂನ್ ಮೊದಲ ವಾರ. ನಾನು ಸ್ಕಾಟ್‌ಲೆಂಡಿನ ಇನ್ವರ್ನೆಸ್‌ನಲ್ಲಿ ಸ್ವೆಟರ್ ಮೇಲೆ ಜರ್ಕಿನ್, ಅದರ ಮೇಲೆ ಶಾಲು ಹೊದ್ದು ನಿಂತಿದ್ದೆ. "ಇಲ್ಲಿ ಹಿಡಿದದ್ದು ಬಿಟ್ಟೇ ಇಲ್ಲ" ಎಂದೆ.

ಮಗ ಗ್ಲಾಸ್ಗೋದಲ್ಲಿ ಕೆಲಸ ಮಾಡುತ್ತಾನೆ. ನಾವಿಬ್ಬರೂ ಬಂದ ಮೇಲೆ ಎಡಿನ್‌ಬರೋ ಕೋಟೆ, ಸ್ಟರ್ಲಿಂಗ್ ಕೋಟೆ ಎಲ್ಲ ತೋರಿಸಿದ. ಮೂರನೇ ಕೋಟೆಯ ಟಿಕೆಟ್ ತೆಗೆಯೋಕೆ ಹೊರಟಾಗ ನಾನೇ ತಡೆದೆ. "ಕೋಟೆ ಸಾಕು ಮಾರಾಯ. ದನ, ಕುರಿ, ಗೊಬ್ಬರದ ವಾಸನೆ ಇರುವ ಊರು ಯಾವುದಾದರೂ ಇದ್ದರೆ ಕರ್ಕೊಂಡು ಹೋಗು." ಅವನು ಹುಡುಕಿದ್ದು ಕ್ಲಾಕ್‌ಟಾಲ್. ವಾಯವ್ಯ ಕರಾವಳಿಯ ಅಸಿಂಟ್ ಸೀಮೆಯ ಒಂದು ಪುಟ್ಟ ಒಕ್ಕಲು ಊರು. ಅವರ ಗೇಲಿಕ್ ಭಾಷೆಯಲ್ಲಿ ಹೆಸರಿನ ಅರ್ಥ ತೂತುಕಲ್ಲು.

ಗುರುವಾರ

ಇನ್ವರ್ನೆಸ್‌ನಿಂದ ಉಲ್ಲಾಪೂಲ್‌ವರೆಗೆ ರಸ್ತೆ ಚೆನ್ನಾಗಿದೆ. ಉಲ್ಲಾಪೂಲ್ ಸಮುದ್ರದ ಕೊಲ್ಲಿಗೆ ಮುಖ ಮಾಡಿ ಬಿಳಿ ಮನೆಗಳನ್ನು ಸಾಲಾಗಿ ಇಟ್ಟ ಪೇಟೆ. ಹೆರಿಂಗ್ ಮೀನು ಹಿಡಿಯುವವರಿಗೆಂದೇ 1788ರಲ್ಲಿ ಕಟ್ಟಿಸಿದ್ದು. ಪೆಟ್ರೋಲು, ಅಕ್ಕಿ, ಈರುಳ್ಳಿ, ಹಾಲು ಎಲ್ಲ ಇಲ್ಲೇ ತುಂಬಿಕೊಂಡೆವು. ನೀವೂ ಹಾಗೇ ಮಾಡಿ. ಮುಂದೆ ಅಂಗಡಿ ಇಲ್ಲವೆಂದಲ್ಲ, ಆದರೆ ನಿಮಗೆ ಬೇಕಾದ ಹೊತ್ತಿಗೆ ತೆರೆದಿರುತ್ತದೆ ಎಂದು ಹೇಳಲಾಗದು. ನಾವು ಚಹಾ ಕುಡಿಯುವಾಗಲೇ ಲೂಯಿಸ್ ದ್ವೀಪದ ಸ್ಟಾರ್ನವೇಗೆ ಹೋಗುವ ದೊಡ್ಡ ಹಡಗು ಕೂಗಿ ಹೊರಟಿತು.

ಅಲ್ಲಿಂದ ಉತ್ತರಕ್ಕೆ ಹೋದಂತೆ ಭೂಮಿ ಬೇರೆಯದೇ ಆಗುತ್ತದೆ. ನಮ್ಮ ಘಟ್ಟದ ಹಾಗೆ ಬೆಟ್ಟಗಳು ಕೈಕೈ ಹಿಡಿದು ನಿಂತಿಲ್ಲ. ಒಂದೊಂದೂ ಒಂಟಿ. ನಡುವೆ ಬರೀ ಬೋಳು ಬಂಡೆ, ಕೆಸರು, ಲೆಕ್ಕವಿಲ್ಲದಷ್ಟು ಕೆರೆ. ಸೂಲ್ವೆನ್ ಎಂಬ ಬೆಟ್ಟ 731 ಮೀಟರ್ ಅಷ್ಟೇ, ಆದರೆ ಅದರ ಗತ್ತು ನೋಡಬೇಕು. ಲಾಕಿನ್ವರ್ ಎಂಬ ಪೇಟೆಯ ಕಡೆಯಿಂದ ನೋಡಿದರೆ ಭತ್ತ ಅಳೆಯುವ ಕೊಳಗವನ್ನು ಮಗುಚಿ ಇಟ್ಟ ಹಾಗೆ. ಬೆಟ್ಟದ ಮರಳುಗಲ್ಲಿಗೆ ಸುಮಾರು ನೂರು ಕೋಟಿ ವರ್ಷ ವಯಸ್ಸಂತೆ, ಅದರ ಕೆಳಗಿನ ನೈಸ್ ಎಂಬ ಜಾತಿಯ ಬಂಡೆಗೆ ಮುನ್ನೂರು ಕೋಟಿಯವರೆಗೆ. ಯಜಮಾನರು, "ನಮ್ಮ ಲಾಲ್‌ಬಾಗ್ ಬಂಡೆಗೂ ಅಷ್ಟೇ ವಯಸ್ಸು, ಬೋರ್ಡ್ ಹಾಕಿದ್ದಾರೆ" ಎಂದರು. ಅವರು ಲಾಲ್‌ಬಾಗಿಗೆ ದಿನಾ ವಾಕಿಂಗ್ ಹೋಗುವವರು. ಎಲ್ಲಿಗೆ ಹೋದರೂ ಲಾಲ್‌ಬಾಗ್ ತರುತ್ತಾರೆ. ಈ ಸಲ ಮಾತ್ರ ಸರಿಯಾಗಿ ತಂದಿದ್ದರು.

ಈ ಜಿಲ್ಲೆಗೆ ಸದರ್ಲ್ಯಾಂಡ್, ಅಂದರೆ ದಕ್ಷಿಣದ ನಾಡು ಎಂದು ಹೆಸರು. ಬ್ರಿಟನ್ನಿನ ಉತ್ತರದ ತುದಿಯಲ್ಲಿದ್ದೂ! ಹೆಸರಿಟ್ಟವರು ಇನ್ನೂ ಉತ್ತರದ ದ್ವೀಪಗಳಿಂದ ನೋಡುತ್ತಿದ್ದ ವೈಕಿಂಗರು.

ಲಾಕಿನ್ವರ್ ದಾಟಿದ ಮೇಲೆ ರಸ್ತೆ ಒಂದೇ ಗಾಡಿಯಷ್ಟು ಅಗಲ. ಅಲ್ಲಲ್ಲಿ ರಸ್ತೆಯ ಹೊಟ್ಟೆ ಉಬ್ಬಿದ ಹಾಗೆ ಸ್ವಲ್ಪ ಜಾಗ, ಪಕ್ಕದಲ್ಲಿ 'ಪಾಸಿಂಗ್ ಪ್ಲೇಸ್' ಬೋರ್ಡು. ಎದುರಿಂದ ಮನೆಯಷ್ಟು ದೊಡ್ಡ ಕ್ಯಾಂಪರ್ ವ್ಯಾನ್ ಬಂತು. ಮಗ ಹಿಂದಕ್ಕೆ ತೆಗೆಯಲು ಹೋಗಿ ಹಿಂದಿನ ಎಡಗಾಲಿಯನ್ನು ಚರಂಡಿಗೆ ಇಳಿಸಿದ. ಕಾರು ಓರೆಯಾಗಿ ನಿಂತಿತು. ನನ್ನ ತೊಡೆ ಮೇಲಿದ್ದ ಅಪ್ಪೆಮಿಡಿ ಉಪ್ಪಿನಕಾಯಿ ಡಬ್ಬಿಯನ್ನು ಮೊದಲು ಅವುಚಿಕೊಂಡೆ. ಆಮೇಲೆ ಯಜಮಾನರಿಗೆ ಏನಾದರೂ ಆಯ್ತಾ ಎಂದು ನೋಡಿದ್ದು. ಇದನ್ನು ಅವರು ಇವತ್ತಿಗೂ ಎತ್ತಿ ಆಡುತ್ತಾರೆ.

ಹತ್ತು ನಿಮಿಷಕ್ಕೆ ನಾಲ್ಕು ಗಾಲಿಯ ಬೈಕಿನಲ್ಲಿ ಒಬ್ಬ ರೈತ ಬಂದ. ಹಿಂದೆ ಕಪ್ಪು ಬಿಳಿ ನಾಯಿ ಕೂತಿತ್ತು. ನೋಡಿದ, ನಕ್ಕ, ಹೋದ. ಮತ್ತೆ ಹತ್ತು ನಿಮಿಷಕ್ಕೆ ಟ್ರ್ಯಾಕ್ಟರ್ ತಂದು ಹಗ್ಗ ಕಟ್ಟಿ ಎಳೆದ. ದುಡ್ಡು ಕೊಡಲು ಹೋದರೆ ಕೈ ಬೀಸಿದ. ಬದಲಿಗೆ ಮಗನಿಗೆ ಪಾಠ ಹೇಳಿದ. ಪಾಸಿಂಗ್ ಪ್ಲೇಸ್ ನಿನ್ನ ಎಡಕ್ಕಿದ್ದರೆ ಒಳಗೆ ಹೋಗು, ಬಲಕ್ಕಿದ್ದರೆ ಅದರ ಎದುರಿಗೇ ನಿಂತು ಎದುರಿನವನಿಗೆ ಸುತ್ತಿ ಹೋಗಲು ಬಿಡು. ಹಿಂದೆ ಯಾರಾದರೂ ಅವಸರದಲ್ಲಿದ್ದರೆ ಅವರಿಗೂ ದಾರಿ ಕೊಡು. ಅಲ್ಲಿ ಕಾರು ನಿಲ್ಲಿಸಿ ಫೋಟೋ ತೆಗೆಯಬೇಡ. ಮತ್ತೆ, ದಾರಿ ಬಿಟ್ಟವರಿಗೆ ಸ್ಟೀರಿಂಗ್ ಮೇಲಿಂದ ಒಂದು ಬೆರಳಾದರೂ ಎತ್ತು.

ನಾವು ಉಳಿದದ್ದು ಎಪ್ಪತ್ತು ದಾಟಿದ ಒಬ್ಬ ಹೆಂಗಸಿನ ಜಮೀನಿನಲ್ಲಿ. ಅವರ ಮನೆ ಮುಂದೆ, ನಮಗೆ ಕೊಟ್ಟ ಎರಡು ಕೋಣೆಯ ಬಿಡಾರ ಹಿಂದೆ. ಸುತ್ತ ಒಣಕಲ್ಲಿನ ಪಾಗಾರ, ಕೆಳಗೆ ಬಿಳಿ ಮರಳಿನ ಸಣ್ಣ ಕೊಲ್ಲಿ, ದಂಡೆಯಲ್ಲಿ ಸೀಳಿಕೊಂಡು ನಿಂತ ದೊಡ್ಡ ಬಂಡೆ. ಮನೆಗಳು ಒಂದಕ್ಕೊಂದು ಕೂಗಳತೆಯಲ್ಲಿ ಚೆದುರಿವೆ. ನಮ್ಮ ಮಲೆನಾಡಿನ ಒಂಟಿ ಮನೆಗಳ ಹಾಗೇ, ಮರ ಮಾತ್ರ ಇಲ್ಲ. ರಾತ್ರಿ ಹತ್ತೂವರೆಗೂ ಬೆಳಕು. ಯಜಮಾನರು ಕಿಟಕಿಗೆ ನನ್ನ ಶಾಲು ಕಟ್ಟಿ ಮಲಗಿದರು.

ಶುಕ್ರವಾರ

ಬೆಳಿಗ್ಗೆ ಎದ್ದರೆ ಗಾಳಿಯೇ ಇಲ್ಲ, ಮೋಡ ತಗ್ಗಿನಲ್ಲಿ ನಿಂತಿತ್ತು. ಎಂಥ ಚಂದ ಅಂತ ಬಾಗಿಲು ತೆಗೆದೆ. ಎರಡು ನಿಮಿಷಕ್ಕೆ ಕಿವಿ, ಹಣೆ, ಬೈತಲೆ ಎಲ್ಲ ಉರಿ. ಮಿಜ್ ಎನ್ನುತ್ತಾರೆ ಅವರು. ನಮ್ಮ ನೊರಜೇ, ಆದರೆ ಕಚ್ಚುವ ನೊರಜು. ಉಂಬಳ ಆದರೆ ಸುಣ್ಣ ಹಚ್ಚಿ ಕಿತ್ತು ಬಿಸಾಕಬಹುದು, ಇದಕ್ಕೆ ಏನು ಮಾಡುವುದು? ಗಾಳಿ ಬೀಸಿದರೆ ಮಾಯ. ಹಾಗಾಗಿ ಇಲ್ಲಿಯವರು ಗಾಳಿಯನ್ನು ಬೈಯುವುದಿಲ್ಲ. ತಲೆಗೆ ಹಾಕುವ ಸಣ್ಣ ಬಲೆ ಲಾಕಿನ್ವರ್‌ನಲ್ಲಿ ಸಿಗುತ್ತದೆ. ನಾಚಿಕೆ ಬಿಟ್ಟು ಕೊಳ್ಳಿ.

ಮನೆಯೊಡತಿ ಬಾಟಲಿಯಲ್ಲಿ ಹಾಲು ತುಂಬಿಕೊಂಡು ಬಂದು, "ಕುಡಿಸ್ತೀಯಾ?" ಎಂದರು. ತಾಯಿ ಇಲ್ಲದ ಎರಡು ಕುರಿಮರಿ. ನಾನು ಕೂರುವ ಮೊದಲೇ ಒಂದು ಬಂದು ಮೊಣಕಾಲಿಗೆ ಗುದ್ದಿತು. ಬಾಟಲಿ ಖಾಲಿಯಾಗುವವರೆಗೆ ಬಾಲ ಅಲ್ಲಾಡಿದ್ದೇ ಅಲ್ಲಾಡಿದ್ದು. ಎಮ್ಮೆ ಕರುವಿಗೆ ಹಾಲು ಕುಡಿಸಿ ಬೆಳೆದವಳು ನಾನು, ಆದರೂ ಈ ಪುಟ್ಟ ಬಾಯಿಯ ಜೋರು ನೋಡಿ ಹೆದರಿದೆ.

"ಇದು ನಮ್ಮ ಕ್ರಾಫ್ಟ್" ಎಂದರು ಅವರು, ಪಾಗಾರದತ್ತ ಕೈ ತೋರಿಸಿ. ಯಜಮಾನರು ತಲೆ ಸವರಿಕೊಂಡರು. ನಮ್ಮ ಕಡೆ ಕ್ರಾಫ್ಟ್ ಅಂದರೆ ಕ್ಷೌರದಂಗಡಿಯ ಮಾತು ತಾನೇ! ಇಲ್ಲಿ ಕ್ರಾಫ್ಟ್ ಅಂದರೆ ಒಂದು ಒಕ್ಕಲಿನ ಸಣ್ಣ ಹಿಡುವಳಿ. ಮನೆಯ ಸುತ್ತ ಕೆಲವು ಎಕರೆ ಸ್ವಂತ ಸಾಗುವಳಿಗೆ, ಹಿಂದಿನ ಗುಡ್ಡ ಊರವರಿಗೆಲ್ಲ ಸೇರಿದ ಮೇವಿನ ಜಾಗ. ನಮ್ಮ ಗೋಮಾಳದ ಹಾಗೆ. ಆದರೆ ಗೋಮಾಳಕ್ಕಿಂತ ಲೆಕ್ಕ ಬಿಗಿ. ಯಾರು ಎಷ್ಟು ಕುರಿ, ಎಷ್ಟು ದನ ಬಿಡಬಹುದು ಎಂದು ಪಾಲು ಗೊತ್ತುಮಾಡಿದ್ದಾರೆ. ಅದಕ್ಕೆ ಸೂಮಿಂಗ್ ಎಂದು ಹೆಸರು. ಕುರಿ ಕಲೆತುಹೋಗದಂತೆ ಒಬ್ಬೊಬ್ಬರದ್ದಕ್ಕೆ ಒಂದೊಂದು ಬಣ್ಣದ ಗುರುತು. ನಮ್ಮವರದು ನೀಲಿ.

ಈ ಬಂಡೆ ದಂಡೆಯಲ್ಲಿ ಜನ ಯಾಕೆ ಬಂದು ಕೂತರು ಅಂತ ಕೇಳಿದೆ. "ಬಂದು ಕೂತಿದ್ದಲ್ಲ, ತಂದು ಕೂರಿಸಿದ್ದು" ಎಂದರು. ಇನ್ನೂರು ವರ್ಷದ ಹಿಂದೆ ಒಳನಾಡಿನ ಹಸಿರು ಕಣಿವೆಗಳಲ್ಲಿದ್ದ ಒಕ್ಕಲುಗಳನ್ನು ಸದರ್ಲ್ಯಾಂಡ್ ಜಮೀನುದಾರರು ಎಬ್ಬಿಸಿ, ಆ ಜಾಗವನ್ನು ದೊಡ್ಡ ಕುರಿ ಫಾರಂಗಳಿಗೆ ಕೊಟ್ಟರು. ಎದ್ದವರು ಕರಾವಳಿಗೆ ಬಂದರು, ಇಲ್ಲವೇ ಹಡಗು ಹತ್ತಿದರು. ಹೈಲ್ಯಾಂಡ್ ಕರಾವಳಿಯಲ್ಲಿ ಕ್ರಾಫ್ಟ್ ಅಳೆದುಕೊಟ್ಟಿದ್ದೇ ಸಣ್ಣದಾಗಿ. ಹೊಲವೊಂದರಿಂದಲೇ ಹೊಟ್ಟೆ ತುಂಬಬಾರದು, ಮೀನಿಗೋ ಕೂಲಿಗೋ ಹೋಗಲೇಬೇಕು ಎಂಬ ಲೆಕ್ಕ. ಆ ಬಂಡೆಗಳ ನಡುವೆ ಮಣ್ಣು ಕೆದರಿ ಒಟ್ಟುಮಾಡಿ, ಬುಟ್ಟಿಯಲ್ಲಿ ಸಮುದ್ರದ ಪಾಚಿ ಹೊತ್ತು ತಂದು ಹಾಕಿ, ಏರುಮಡಿ ಕಟ್ಟಿ ಆಲೂಗಡ್ಡೆ ಬೆಳೆದರು. ಹುಲ್ಲು ಬೆಳೆದ ಆ ಏರುಮಡಿಗಳು ಸಂಜೆಯ ಓರೆ ಬಿಸಿಲಿಗೆ ಈಗಲೂ ಎದ್ದು ಕಾಣುತ್ತವೆ, ಮುದುಕರ ಪಕ್ಕೆಲುಬಿನ ಹಾಗೆ. ಇಂಗ್ಲಿಷಿನಲ್ಲಿ ಅದಕ್ಕೆ 'ಸೋಮಾರಿ ಮಡಿ' ಎಂದು ಹೆಸರಂತೆ. ಹೆಸರಿಟ್ಟವನಿಗೆ ಒಂದು ದಿನ ಆ ಬುಟ್ಟಿ ಹೊರಿಸಬೇಕಿತ್ತು.

1886ರಲ್ಲಿ ಕಾಯ್ದೆ ಬಂದ ಮೇಲೆ ಎಬ್ಬಿಸುವುದು ನಿಂತಿತು. ಗೇಣಿ ನಿಗದಿಯಾಯಿತು, ಮಕ್ಕಳಿಗೆ ಹಕ್ಕು ದಾಟುವಂತಾಯಿತು. ಆದರೆ ಭೂಮಿ ಮಾತ್ರ ಒಡೆಯರದ್ದೇ. ಒಡೆಯರು ಬದಲಾಗುತ್ತಾ ಹೋದರು. ಕೊನೆಗೆ ಕೊಂಡ ಒಂದು ಸ್ವೀಡಿಷ್ ಕಂಪನಿ 1992ರಲ್ಲಿ ದಿವಾಳಿಯಾಯಿತು. ಇಡೀ ಉತ್ತರ ಅಸಿಂಟ್ ಎಸ್ಟೇಟನ್ನು, ಅದರ ಮೇಲೆ ಬದುಕುತ್ತಿದ್ದ ಹದಿಮೂರು ಊರುಗಳ ಸಮೇತ, ಏಳು ತುಂಡು ಮಾಡಿ ಮಾರಲು ಇಟ್ಟರು. ಆಗ ಇಲ್ಲಿಯ ಒಕ್ಕಲುಗಳು ಸೇರಿ, ನಾವೇ ಕೊಳ್ಳುತ್ತೇವೆ ಎಂದು ಹೊರಟರು. ಮನೆಮನೆಯಿಂದ ಹಣ, ಸಾಲ, ಸರ್ಕಾರದ ಸಂಸ್ಥೆಗಳ ನೆರವು, ದೂರದವರ ದೇಣಿಗೆ. ಮೂರು ಲಕ್ಷ ಪೌಂಡಿಗೆ 21 ಸಾವಿರ ಎಕರೆಗೂ ಮೇಲೆ. 1993ರ ಫೆಬ್ರವರಿಯಲ್ಲಿ ಭೂಮಿ ಅವರ ಟ್ರಸ್ಟಿನದಾಯಿತು. ಇದನ್ನು ನೋಡಿ ಬೇರೆ ಊರು, ದ್ವೀಪಗಳ ಜನರೂ ಎದ್ದರು. 2003ರಲ್ಲಿ ಸ್ಕಾಟ್‌ಲೆಂಡ್ ಇದಕ್ಕೆ ಕಾನೂನನ್ನೇ ಮಾಡಿತು.

"ಹಾಗಾದರೆ ಈಗ ಈ ಕ್ರಾಫ್ಟ್ ನಿಮ್ಮ ಸ್ವಂತದ್ದಾ?"

"ಇಲ್ಲ. ನಾನು ಟ್ರಸ್ಟಿಗೆ ಗೇಣಿ ಕೊಡ್ತೀನಿ. ಟ್ರಸ್ಟು ಅಂದರೆ ನಾವೇ. ಹಾಗಾಗಿ ನಾನೇ ಕೊಡ್ತೀನಿ, ನಾನೇ ತಗೋತೀನಿ."

ನನಗೆ ಅಪ್ಪನ ನೆನಪು ಬಂತು. ನಮ್ಮದು ಸಾಗರ ತಾಲ್ಲೂಕು. ಕೊಳಗದ ಅಳತೆಯಲ್ಲಿ ಮೋಸ ಅಂತ ಗೇಣಿದಾರರು 1951ರಲ್ಲಿ ಕಾಗೋಡಿನಲ್ಲಿ ಸತ್ಯಾಗ್ರಹ ಹೂಡಿದ ಸೀಮೆ. ದೇವರಾಜ ಅರಸರ ಕಾಲದಲ್ಲಿ, ಭೂಸುಧಾರಣೆ ಕಾಯ್ದೆಗೆ 1974ರ ತಿದ್ದುಪಡಿ ಬಂದಾಗ, ಅಪ್ಪ ಏಳನೇ ನಂಬರ್ ಫಾರಂ ತುಂಬಿ ಡಿಕ್ಲರೇಷನ್ ಹಾಕಿದ್ದರು. ಎರಡೂವರೆ ಎಕರೆ ಗದ್ದೆ ನಮ್ಮದಾಯಿತು. ಆ ಕಾಗದ ಇವತ್ತಿಗೂ ಅಮ್ಮನ ಟ್ರಂಕಿನಲ್ಲಿ ಮದುವೆ ಸೀರೆಯ ಕೆಳಗಿದೆ. ಇದನ್ನೆಲ್ಲ ನನ್ನ ಮುರುಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಕೇಳಿದ್ದು ಒಂದೇ ಮಾತು. "ನಿಮಗೆ ಒಬ್ಬೊಬ್ಬರಿಗೂ ಬೇರೆಬೇರೆ ಕೊಟ್ಟರಾ?" ಹೌದು ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು.

ಸಂಜೆ ಪಕ್ಕದ ಮನೆಯವರು ದೋಣಿಯಿಂದ ತಂದ ಆರು ಮೀನು ಕೊಟ್ಟು ಹೋದರು. ನೋಡಿದರೆ ಬಂಗಡೆಯ ಅಣ್ಣತಮ್ಮ! ಬೆನ್ನ ಮೇಲೆ ಹುಲಿಪಟ್ಟೆ, ಮೈ ಮಿಂಚು. ನಾವು ಖಾರ ಹಚ್ಚಿ ರವೆಯಲ್ಲಿ ಹೊರಳಿಸುತ್ತೇವೆ, ಅವರು ಓಟ್ಸ್ ತರಿಯಲ್ಲಿ ಹೊರಳಿಸಿ ಕರಿಯುತ್ತಾರೆ. ಕೊನೆಗೆ ನಮ್ಮ ಖಾರ, ಅವರ ಓಟ್ಸ್ ಎಂದು ರಾಜಿಯಾಯಿತು. ರವೆಗಿಂತ ಜಾಸ್ತಿ ಗರಿಗರಿ ಬಂತು, ಒಪ್ಪಬೇಕು. ಮನೆಯೊಡತಿಯ ಕಣ್ಣಲ್ಲಿ ನೀರು ಬಂದರೂ ಎರಡು ತಿಂದರು. ಅಪ್ಪೆಮಿಡಿಯನ್ನು ಇಡೀ ಬಾಯಿಗೆ ಹಾಕಿಕೊಂಡು, ಗೊರಟು ಉಗುಳಬೇಕಾ ನುಂಗಬೇಕಾ ಎಂದು ಗೊತ್ತಾಗದೆ ಕೈಸನ್ನೆ ಮಾಡಿದರು.

ಶನಿವಾರ

ಗಾಳಿ ಎದ್ದಿತ್ತು, ನೊರಜಿಲ್ಲ. ಬೆಳಿಗ್ಗೆ ತಿಂಡಿಗೆ ಓಟ್ಸ್ ಗಂಜಿ. ಸಕ್ಕರೆ ಕೇಳಿದ ಮಗನಿಗೆ ಉಪ್ಪು ಕೊಟ್ಟರು. ಗಂಜಿಗೆ ಉಪ್ಪೇ ಸರಿ ಎಂದು ನಾನೂ ಅವರ ಪಕ್ಷ ಸೇರಿದೆ.

ಕೊಲ್ಲಿಯ ಪಕ್ಕದಿಂದ ದಂಡೆಗುಂಟ ನಡೆದರೆ ಬ್ರೋಕ್ ಸಿಗುತ್ತದೆ. ಎರಡು ಸಾವಿರ ವರ್ಷದ ಹಿಂದಿನ ಗುಂಡನೆಯ ಕಲ್ಲುಮನೆ. ಗಾರೆ ಇಲ್ಲ, ಬರೀ ಕಲ್ಲಿನ ಮೇಲೆ ಕಲ್ಲು. ಗೋಡೆ ಎರಡು ಪದರ, ನಡುವೆ ಮೆಟ್ಟಿಲು. ಬಾಗಿಲ ಮೇಲೆ ಮುಕ್ಕೋನದ ದೊಡ್ಡ ಕಲ್ಲು. ಬೆಂಕಿ ಬಿದ್ದು ಕುಸಿದ ಮನೆ ಇದು, ಆಮೇಲೆ ಯಾರೂ ಬಂದು ವಾಸ ಮಾಡಲಿಲ್ಲ. ಹಾಗಾಗಿ 2017ರಲ್ಲಿ ಅಗೆದಾಗ ಮನೆ ಬಿಟ್ಟು ಓಡಿದ ದಿನ ಹೇಗಿತ್ತೋ ಹಾಗೇ ಸಿಕ್ಕಿತು. ನೆಲದಲ್ಲಿ ಕೂರಿಸಿದ ಒಂದು ಒರಳು, ಅದರೊಳಗೆ ಸುಟ್ಟು ಕರಿಯಾದ ಕಾಳು. ಯಾರೋ ಬಾರ್ಲಿ ಕುಟ್ಟುತ್ತಾ ಅರ್ಧಕ್ಕೇ ಎದ್ದು ಓಡಿರಬೇಕು. ಲಿಂಗನಮಕ್ಕಿ ನೀರು ಏರಿ ನಮ್ಮಜ್ಜಿಯ ಊರು ಮುಳುಗಡೆಯಾದಾಗ, ಅಜ್ಜಿ ಲಾರಿಗೆ ಮೊದಲು ಹತ್ತಿಸಿದ್ದು ಒರಳುಕಲ್ಲನ್ನಂತೆ. ಲಾರಿಯವನು ಬೈದರೂ ಬಿಡಲಿಲ್ಲವಂತೆ. ಆ ಬಾಗಿಲಲ್ಲಿ ನಾನು ಸ್ವಲ್ಪ ಜಾಸ್ತಿ ಹೊತ್ತೇ ನಿಂತೆ.

ಮಧ್ಯಾಹ್ನ ಸ್ಟೋರ್ ಎಂಬ ಭೂಶಿರದ ದೀಪಸ್ತಂಭಕ್ಕೆ ಹೋದೆವು. 1870ರಲ್ಲಿ ಕಟ್ಟಿದ್ದು, 1978ರಿಂದ ತಾನೇ ಹೊತ್ತಿಕೊಳ್ಳುತ್ತದೆ, ಕಾವಲುಗಾರರಿಲ್ಲ. ಅಲ್ಲಿಂದ ಕಡಲ ಕೋಡಿನ ಮೇಲೆ ಸುಮಾರು ಮೂರು ಕಿಲೋಮೀಟರ್ ನಡೆದರೆ 'ಸ್ಟೋರ್‌ನ ಮುದುಕ' ಕಾಣುತ್ತಾನೆ. ನೀರಿನಲ್ಲಿ ಒಂಟಿಯಾಗಿ ನಿಂತ 60 ಮೀಟರಿನ ಕಲ್ಲುಕಂಬ. 1966ರಲ್ಲಿ ಮೊದಲ ಸಲ ಅದನ್ನು ಹತ್ತಿದರಂತೆ. ಯಾಕೆ ಹತ್ತಬೇಕು ಅನ್ನುವುದು ಯಜಮಾನರ ಪ್ರಶ್ನೆ.

ದಾರಿಯೆಂದರೆ ದಾರಿಯಲ್ಲ. ಪೀಟ್ ಎಂಬ ಕರಿ ಕೆಸರು, ಮೇಲೆ ಮೆತ್ತನೆ ಹಾಸು. ಹಸಿರಾಗಿ ಹೊಳೆಯುವ ಜಾಗ ಚಂದ ಕಂಡಿತು ಎಂದು ಅಲ್ಲೇ ಕಾಲಿಟ್ಟೆ. ಮೊಣಕಾಲವರೆಗೆ ಹೋಯಿತು. ಮಗ ನನ್ನನ್ನು ಎಳೆದ, ನಾನು ಬಂದೆ, ಶೂ ಬರಲಿಲ್ಲ. ಅಪ್ಪ ಮಗ ಇಬ್ಬರೂ ಹೊಟ್ಟೆ ಮೇಲೆ ಮಲಗಿ ತೋಳು ತೂರಿಸಿ ಹುಡುಕಿ ತೆಗೆದರು. ಗದ್ದೆ ಕೆಸರು ನೋಡಿದವಳಿಗೆ ಹೀಗಾಗಬಾರದಿತ್ತು. ಮಾಸಲು ಬಣ್ಣದ ಹೀದರ್ ಪೊದೆಯ ಮೇಲೆ ಹೆಜ್ಜೆ ಇಡಬೇಕು, ಹೊಳೆಯುವ ಹಸಿರಿನ ಮೇಲೆ ಅಲ್ಲ. ಕಣಕಾಲು ಮುಚ್ಚುವ ಎತ್ತರದ ಬೂಟು ಇಲ್ಲದೆ ಬರಬೇಡಿ.

ತುದಿಯಲ್ಲಿ ಕೂತು ಚಪಾತಿ ಬಿಚ್ಚಿದೆವು. ಮೋಡ ಸರಿಯಿತು. ಸಮುದ್ರದಾಚೆ ಉದ್ದಕ್ಕೆ ನೀಲಿ ಗೆರೆ. ಲೂಯಿಸ್ ದ್ವೀಪ. ಅದರ ಸ್ಟಾರ್ನವೇಯಲ್ಲಿ ಹುಟ್ಟಿದವನೇ ಕಾಲಿನ್ ಮೆಕೆಂಜಿ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯನ್ನು ಅಳೆದ, ಊರೂರಿನ ಕೈಫಿಯತ್ತು, ಶಾಸನಗಳನ್ನು ಒಟ್ಟುಮಾಡಿಸಿದ ಅದೇ ಮೆಕೆಂಜಿ. ಅವನ ಚಿತ್ರಪಟವೊಂದರಲ್ಲಿ ಹಿಂದೆ ಕಾರ್ಕಳದ ಗೊಮ್ಮಟ ನಿಂತಿದ್ದಾನೆ. ಈ ಗಾಳಿ, ಈ ಬೋಳು ಬಂಡೆ ನೋಡಿ ಬೆಳೆದ ಕಣ್ಣಿಗೆ ನಮ್ಮ ಕಡೆಯ ಮಳೆಗಾಲ ಹೇಗೆ ಕಂಡಿರಬಹುದು ಅಂತ ಯೋಚಿಸುತ್ತಿದ್ದೆ. ಅಷ್ಟರಲ್ಲಿ ಕಂದು ಬಣ್ಣದ ದೊಡ್ಡ ಸ್ಕುವಾ ಹಕ್ಕಿಯೊಂದು ಯಜಮಾನರ ಟೋಪಿಯ ಮೇಲೇ ಎರಗಿ ಬಂತು. ಗೂಡು ಹತ್ತಿರವಿತ್ತೋ ಏನೋ. ಚಪಾತಿ ಕಟ್ಟಿಕೊಂಡು ಎದ್ದೆವು.

ಬಿಡಾರಕ್ಕೆ ಬಂದು ಮೊದಲು ಮಾಡಿದ ಕೆಲಸ, ಕಾಲು ಕುತ್ತಿಗೆ ಎಲ್ಲ ಹುಡುಕಿದ್ದು. ಇಲ್ಲಿಯ ಹುಲ್ಲು, ಜರೀಗಿಡಗಳಲ್ಲಿ ಉಣುಗು ಇದೆ, ಲೈಮ್ ಕಾಯಿಲೆ ಹರಡುತ್ತದೆ. ಮಗ ಅದನ್ನು ದೊಡ್ಡ ಸುದ್ದಿಯ ಹಾಗೆ ಹೇಳಿದ. ಮಂಗನ ಕಾಯಿಲೆಯ ಸೀಮೆಯಲ್ಲಿ ಹುಟ್ಟಿದ ನನಗೆ ಉಣುಗಿನ ಪಾಠ! ಅವನ ಮಂಡಿಯ ಹಿಂದೆಯೇ ಒಂದು ಸಿಕ್ಕಿತು. ಚಿಮುಟದಿಂದ ಬುಡಕ್ಕೆ ಹಿಡಿದು ಮೇಲಕ್ಕೆ ಎಳೆದೆ.

ಭಾನುವಾರ

ಬಿಸಿಲು! ಕೆಸರಾದ ಬಟ್ಟೆ ಎಲ್ಲ ಒಗೆದು ಹಗ್ಗದ ಮೇಲೆ ಹರವಿದೆ. ಗಾಳಿಗೆ ಯಜಮಾನರ ಪಂಚೆ ಬಾವುಟದ ಹಾಗೆ ಹಾರಾಡುತ್ತಿತ್ತು. ಸ್ವಲ್ಪ ಹೊತ್ತಿಗೆ ಮನೆಯೊಡತಿ ಬಂದು ಬಾಗಿಲಲ್ಲಿ ನಿಂತು ನಗತೊಡಗಿದರು. "ನನ್ನ ಅಜ್ಜಿ ಇದ್ದಿದ್ದರೆ ಭಾನುವಾರ ಬಟ್ಟೆ ಹಾಕಿದವರನ್ನು ಊರಲ್ಲಿ ಇರೋಕೆ ಬಿಡ್ತಿರಲಿಲ್ಲ." ಭಾನುವಾರ ದೇವರ ದಿನ. ಕೆಲಸ ಇಲ್ಲ, ದೋಣಿ ಇಲ್ಲ, ಬಟ್ಟೆ ಹಗ್ಗಕ್ಕೆ ಇಲ್ಲ. ತೆಗೆಯಲು ಓಡಿದೆ. "ಬಿಡು, ಈಗ ಯಾರು ನೋಡ್ತಾರೆ?" ಎಂದರು. ಆ ಮಾತು ಹೇಳುವಾಗ ನಗು ಸ್ವಲ್ಪ ಕಡಿಮೆಯಾಗಿತ್ತು.

ಚಹಾಕ್ಕೆ ಕರೆದರು. ಒಲೆಯಲ್ಲಿ ಎರಡು ತುಂಡು ಪೀಟ್ ಹೊಗೆಯಾಡುತ್ತಿತ್ತು. ಕೆಸರು ನೆಲವನ್ನು ಇಟ್ಟಿಗೆಯ ಹಾಗೆ ಕೊಯ್ದು, ಒಣಗಿಸಿ, ಉರಿಸುವುದು. ಈಗ ಕೊಯ್ಯುವವರು ಕಡಿಮೆ, ಇವರದು ಬರೀ ವಾಸನೆಯ ಆಸೆಗೆ. ಮಣ್ಣು, ಹೊಗೆ, ಹಳೇ ಕಂಬಳಿ ಸೇರಿದಂಥ ವಾಸನೆ.

ದಂಡೆಯ ಹತ್ತಿರ ನಾವು ನೋಡಿದ ಸ್ಮಾರಕದ ಕಲ್ಲಿನ ಕಥೆ ಅವರೇ ಹೇಳಿದರು. ನಾರ್ಮನ್ ಮೆಕ್ಲಾಯ್ಡ್ ಎಂಬ ಖಂಡತುಂಡ ಮಾತಿನ ಪಾದ್ರಿ ಹುಟ್ಟಿದ ಸೀಮೆ ಇದು. ಚರ್ಚಿನ ಜತೆ ಜಗಳವಾಡಿ 1817ರಲ್ಲಿ ಕೆನಡಾಕ್ಕೆ ಹಡಗು ಹತ್ತಿದ. ಅವನ ಹಿಂದೆ ಇಲ್ಲಿಯ ಜನವೂ ಹೋದರು. ಅಲ್ಲಿ ಆಲೂಗಡ್ಡೆಗೆ ರೋಗ ಬಿದ್ದು ಬರ ಬಂದಾಗ, ಎಪ್ಪತ್ತು ದಾಟಿದ ಮುದುಕ ಮತ್ತೆ ಜನ ಕಟ್ಟಿಕೊಂಡು ಆಸ್ಟ್ರೇಲಿಯಾಕ್ಕೆ, ಅಲ್ಲಿಂದ ನ್ಯೂಜಿಲೆಂಡಿನ ವೈಪುಗೆ ಹೋದ. ಎಂಟುನೂರಕ್ಕೂ ಹೆಚ್ಚು ಜನ ಹಾಗೆ ಹೋಗಿ ನೆಲೆಯಾದರು. ಇವತ್ತಿಗೂ ಅಲ್ಲಿಂದ ಮೊಮ್ಮಕ್ಕಳು ಮರಿಮಕ್ಕಳು ಬಂದು ಮನೆಯ ಬುಡದ ಕಲ್ಲು ಹುಡುಕುತ್ತಾರಂತೆ.

"ನಿಮ್ಮ ಮಗ?" ಎಂದು ಕೇಳಿಬಿಟ್ಟೆ. ಅಬರ್ಡೀನ್‌ನಲ್ಲಿದ್ದಾನೆ, ತೈಲದ ಕೆಲಸ. ಕ್ರಾಫ್ಟ್ ಅವನಿಗೆ ಬರುತ್ತಾ? ಅವರು ಕಪ್ಪು ಕೆಳಗಿಟ್ಟರು. "ಬರಬಹುದು. ಆದರೆ ಕ್ರಾಫ್ಟ್ ಇಟ್ಟುಕೊಂಡವರು ಅದರಿಂದ 32 ಕಿಲೋಮೀಟರ್ ಒಳಗೇ ವಾಸ ಮಾಡಬೇಕು. ನೆಲ ಪಾಳು ಬಿಡಬಾರದು. ಪ್ರತಿ ವರ್ಷ ಸರ್ಕಾರದ ಕ್ರಾಫ್ಟಿಂಗ್ ಕಮಿಷನ್‌ನವರು ಫಾರಂ ಕಳಿಸಿ ಕೇಳ್ತಾರೆ. ಸುಳ್ಳು ಬರೆಯೋಕೆ ಆಗಲ್ಲ, ಊರೇ ನೋಡ್ತಿರುತ್ತೆ."

ನಾನೂ ಯಜಮಾನರೂ ಮುಖ ಮುಖ ನೋಡಿಕೊಂಡೆವು. ಈ ಕಾಯ್ದೆ ನಮ್ಮಲ್ಲಿ ಬಂದರೆ? ಸಾಗರ ತಾಲ್ಲೂಕಿನ ಎಷ್ಟು ತೋಟದ ಒಡೆಯರು ಬೆಂಗಳೂರಿನ ಫ್ಲ್ಯಾಟಿನಲ್ಲಿ ಕೂತು ಅಡಿಕೆ ಧಾರಣೆ ನೋಡುತ್ತಿಲ್ಲ! ನಾವೂ ಆ ಪೈಕಿಯೇ. ಇವರು ಒಂದು ತೋಟ ಕೊಂಡು ಹಾಕಿದ್ದಾರೆ, ಅಣ್ಣ ನೋಡಿಕೊಳ್ಳುತ್ತಾನೆ. ನಮ್ಮಲ್ಲಿ ಈಗ ಯಾರು ಬೇಕಾದರೂ ಜಮೀನು ಕೊಳ್ಳಬಹುದು, 2020ರಲ್ಲಿ ಕಾಯ್ದೆಯನ್ನು ಹಾಗೆ ಸಡಿಲ ಮಾಡಿದರು. ಅಪ್ಪನ ಗದ್ದೆಯ ಪಕ್ಕದ್ದು ಹೋದ ವರ್ಷ ಹೋಂಸ್ಟೇಗೆ ಹೋಯಿತು. ಅಣ್ಣನಿಗೂ ಒಬ್ಬರು ರೇಟು ಕೇಳಿದ್ದಾರೆ.

ಇಲ್ಲೂ ಚಿತ್ರ ಅಷ್ಟು ಚಂದವಿಲ್ಲ ಅನ್ನಿ. ಕಿಟಕಿಯಿಂದ ಕಾಣುವ ಏಳು ಮನೆಗಳಲ್ಲಿ ಮೂರಕ್ಕೆ ಬೇಸಿಗೆಯಲ್ಲಿ ಮಾತ್ರ ದೀಪ ಹತ್ತುತ್ತದೆ, ದಕ್ಷಿಣದವರ ರಜೆಯ ಮನೆಗಳು. 2015ರಲ್ಲಿ ಉತ್ತರದ ಕರಾವಳಿ ರಸ್ತೆಗೆ 'ನಾರ್ತ್ ಕೋಸ್ಟ್ 500' ಎಂದು ಹೆಸರಿಟ್ಟು ಪ್ರಚಾರ ಮಾಡಿದ ಮೇಲೆ ಕ್ಯಾಂಪರ್ ವ್ಯಾನುಗಳ ಜಾತ್ರೆ. ಕುರಿಗಿಂತ ನಮ್ಮಂಥ ಅತಿಥಿಗಳಿಂದಲೇ ಆದಾಯ ಜಾಸ್ತಿ ಎಂದು ಅವರೇ ಹೇಳಿದರು. ಹಾಗೆ ಹೇಳಿ, "ಕುರಿ ಇಷ್ಟು ಪ್ರಶ್ನೆ ಕೇಳಲ್ಲ" ಎಂದು ಸೇರಿಸಿದರು.

ಹೊರಟದ್ದು

ಸೋಮವಾರ ಬೆಳಿಗ್ಗೆ ಜಿಟಿಜಿಟಿ ಮಳೆ. ಅಪ್ಪೆಮಿಡಿ ಡಬ್ಬಿಯನ್ನು ಅಲ್ಲೇ ಬಿಟ್ಟೆ. ಅವರು ಒಂದು ಸೇರಿನಷ್ಟು ಓಟ್ಸ್ ತರಿ ಕಟ್ಟಿಕೊಟ್ಟರು, ಮೀನಿಗೆ. ಕುರಿಮರಿಗಳು ಕಾರಿನವರೆಗೆ ಬಂದು, ಬಾಟಲಿ ಇಲ್ಲ ಎಂದು ಗೊತ್ತಾದ ಕೂಡಲೇ ತಿರುಗಿ ಹೋದವು. ಲಾಕಿನ್ವರ್‌ನಲ್ಲಿ ಪೈ ತಿನ್ನಬೇಕೆಂದು ಮಗನ ಹಟ. ಅಲ್ಲಿಯ ಪೈಗೆ ದೊಡ್ಡ ಹೆಸರು. ಬಿಸಿಬಿಸಿ ತಿಂದೆವು, ನಾಲಿಗೆ ಸುಟ್ಟುಕೊಂಡೆವು.

ಅಸಿಂಟ್ ಕೆರೆಯ ದಂಡೆಯಲ್ಲಿ ಆರ್ಡ್‌ವ್ರೆಕ್ ಎಂಬ ಮುರುಕು ಕೋಟೆಯಿದೆ. ಮಗ ನಿಲ್ಲಿಸಲಾ ಎಂದ. ಬೇಡ ಎಂದೆವು ಇಬ್ಬರೂ ಒಟ್ಟಿಗೆ. ಆಗ ಊರಿಂದ ಅಮ್ಮನ ಫೋನು, ಒಂದೇ ಕಡ್ಡಿ ಸಿಗ್ನಲ್ಲಿನಲ್ಲಿ. "ಮಳೆ ಹಿಡೀತು. ನಿನ್ನೆ ರಾತ್ರಿಯಿಂದ ಬಿಟ್ಟಿಲ್ಲ. ಅಣ್ಣ ಗದ್ದೆಗೆ ಹೋಗಿದಾನೆ." ಇನ್ನೇನೋ ಹೇಳುವಷ್ಟರಲ್ಲಿ ಕಟ್ಟಾಯಿತು.

ಸ್ವಲ್ಪ ದೂರ ಹೋದ ಮೇಲೆ ಯಜಮಾನರು, "ಜಯನಗರದಿಂದ ತೋಟಕ್ಕೆ ಎಷ್ಟು ಕಿಲೋಮೀಟರ್ ಆಗುತ್ತೋ?" ಎಂದು ಮಗನನ್ನು ಕೇಳಿದರು.

"ಮುನ್ನೂರೈವತ್ತರ ಮೇಲೆ ಅಪ್ಪ."

"ಮತ್ತೆ ಗ್ಲಾಸ್ಗೋದಿಂದ?"

ಮಗ ಉತ್ತರ ಹೇಳಲಿಲ್ಲ. ಎದುರಿಂದ ಒಂದು ಟ್ರ್ಯಾಕ್ಟರ್ ಬರುತ್ತಿತ್ತು. ಪಾಸಿಂಗ್ ಪ್ಲೇಸ್ ನಮ್ಮ ಬಲಕ್ಕಿತ್ತು. ಅವನು ಒಳಗೆ ನುಗ್ಗದೆ ಅದರ ಎದುರಿಗೇ ಸರಿಯಾಗಿ ನಿಲ್ಲಿಸಿದ. ಟ್ರ್ಯಾಕ್ಟರಿನವನು ಸುತ್ತಿ ದಾಟುವಾಗ ಬೆರಳೆತ್ತಿದ. ಕಾರಿನೊಳಗೆ ನಾವು ಮೂವರೂ ಎತ್ತಿದೆವು.